ಕುಸುನೋಕಿಯ ಸಾವು ಎಲ್ಲರಿಗೂ ಬೇಕಿತ್ತು

ಸ್ವಾಮಿನಿಷ್ಠೆ ಎಂದರೆ ಇವನೇ ಎಂದು ಜಪಾನ್ ಗುಡಿ ಕಟ್ಟಿ ಪೂಜಿಸಿದ ಸಮುರಾಯ್ ದಳಪತಿಯೊಬ್ಬನಿದ್ದಾನೆ: ಕುಸುನೋಕಿ ಮಸಾಶಿಗೆ. ಅವನು ಬದುಕಿದ್ದಾಗಲೇ ಬರೆದ ಒಂದು ಕಾಗದ ಮಾತ್ರ ಅವನನ್ನು ಕರೆಯುವುದು ಪುಂಡ ಎಂದು. 1332ರ ದಾಖಲೆ ಅದು. ಇಜುಮಿ ಪ್ರಾಂತದ ವಾಕಾಮಾತ್ಸು ಎಂಬಲ್ಲಿ ಕ್ಯೋತೊದ ಒಂದು ಬೌದ್ಧ ದೇವಾಲಯಕ್ಕೆ ಉಂಬಳಿ ಭೂಮಿಯಿತ್ತು. ಕುಸುನೋಕಿ ಎಂಬ ಪುಂಡ ಅಲ್ಲಿಗೆ ನುಗ್ಗಿ ದಾಂಧಲೆ ಮಾಡಿದ ಎನ್ನುವುದು ಅದರ ಸಾರ. ಮೂಲದಲ್ಲಿ ‘ಅಕುತೋ’ ಎಂದಿದೆ. ಆ ಕಾಲದಲ್ಲಿ ಯಾರ ಅಂಕೆಗೂ ಸಿಗದೆ, ಸ್ವಂತ ಆಳುಗಳನ್ನು ಕಟ್ಟಿಕೊಂಡು, ದಾರಿ ಘಟ್ಟ ಸಂತೆಗಳ ಮೇಲೆ ಹಿಡಿತ ಇಟ್ಟುಕೊಂಡಿದ್ದ ಸ್ಥಳೀಯ ಬಲಾಢ್ಯರನ್ನೆಲ್ಲ ಸರ್ಕಾರ ಒಂದೇ ಬಾಯಲ್ಲಿ ಹೀಗೆ ಬೈಯುತ್ತಿತ್ತು.

ನಮ್ಮ ಕಡೆಯ ಪಾಳೆಯಗಾರರ ಕತೆ ಕೇಳಿ ಬೆಳೆದವರಿಗೆ ಈ ಜಾತಿಯ ಮನುಷ್ಯ ಹೊಸಬನೇನಲ್ಲ. ಸಮುರಾಯ್ ಎಂದ ಕೂಡಲೇ ಸಿನಿಮಾ ನೋಡಿದ ಕಣ್ಣಿಗೆ ಕಾಣುವುದು ಮಾತಾಡದ, ನಗದ, ಸಾಯಲು ಸದಾ ತಯಾರಾಗಿರುವ ಒಬ್ಬ ಕತ್ತಿವರಸೆಗಾರ. ಹದಿನಾಲ್ಕನೇ ಶತಮಾನದ ಯೋಧರು ಹಾಗಿರಲಿಲ್ಲ. ಯುದ್ಧ ಮುಗಿದ ಮೇಲೆ ತನಗಾದ ಗಾಯ ಎಷ್ಟು, ಸತ್ತ ಕುದುರೆ ಎಷ್ಟು, ಸತ್ತ ಆಳುಗಳು ಯಾರು ಎಂದು ಪಟ್ಟಿ ಮಾಡಿ, ಮೇಲಿನವರ ರುಜು ಹಾಕಿಸಿಕೊಂಡು, ಇನಾಮು ಕೊಡಿ ಎಂದು ಅರ್ಜಿ ಹಾಕುತ್ತಿದ್ದರು. ಅಂಥ ಅರ್ಜಿಗಳು ಇವತ್ತಿಗೂ ಉಳಿದಿವೆ. ಇನಾಮು ಬರಲಿಲ್ಲವೋ, ಪಕ್ಷ ಬದಲಿಸುತ್ತಿದ್ದರು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇರಲಿಲ್ಲ.

ಕುಸುನೋಕಿಯ ಊರು ಈಗಿನ ಓಸಾಕಾ ಪ್ರಾಂತದ ಚಿಹಾಯಾ-ಅಕಾಸಾಕಾ. ಓಸಾಕಾದಂಥ ಜನನಿಬಿಡ ಪ್ರಾಂತದಲ್ಲಿ ಹಳ್ಳಿ ಎಂಬ ಆಡಳಿತ ಘಟಕವಾಗಿ ಉಳಿದಿರುವುದು ಅದೊಂದೇ. ಹಿಂದೆ 1,125 ಮೀಟರ್ ಎತ್ತರದ ಕೊಂಗೋ ಬೆಟ್ಟ, ಮುಂದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಭತ್ತದ ಗದ್ದೆಗಳು. ಅವನ ಹುಟ್ಟು, ಮನೆತನ, ಬಾಲ್ಯದ ಬಗ್ಗೆ ಹೇಳುವುದೆಲ್ಲ ಆಮೇಲೆ ಕಟ್ಟಿದ್ದು. ಅವನು ಇತಿಹಾಸದ ಬೆಳಕಿಗೆ ಬರುವುದು 1331ರಲ್ಲಿ, ಸತ್ತದ್ದು 1336ರಲ್ಲಿ. ಐದು ವರ್ಷ, ಅಷ್ಟೇ.

ಆಗ ಜಪಾನನ್ನು ಆಳುತ್ತಿದ್ದುದು ಕಾಮಾಕುರಾದ ಸೇನಾಡಳಿತ. ಅದರ ಮುಖ್ಯಸ್ಥನಾದ ಶೋಗನ್ ಹೆಸರಿಗೆ ಮಾತ್ರ, ಅಧಿಕಾರವೆಲ್ಲ ಹೋಜೋ ಮನೆತನದ ಕೈಯಲ್ಲಿ. ಕ್ಯೋತೊದ ಚಕ್ರವರ್ತಿಗಳು ಹಬ್ಬಹರಿದಿನ, ಕವಿತೆ, ಪೂಜೆ ಎಂದು ತಣ್ಣಗಿರಬೇಕಿತ್ತು. ಗೊದೈಗೊ ಚಕ್ರವರ್ತಿ ತಣ್ಣಗಿರುವ ಆಸಾಮಿಯಲ್ಲ. ತಾನೇ ಆಳಬೇಕೆಂದು ಹಟ ಹಿಡಿದು 1331ರಲ್ಲಿ ಅರಮನೆ ಬಿಟ್ಟು ಕಾಸಾಗಿ ಬೆಟ್ಟ ಸೇರಿದ. ದೊಡ್ಡ ದೊಡ್ಡ ಸರದಾರರು ನೋಡೋಣ ಎಂದು ಕಾದು ಕುಳಿತಾಗ, ಕೈ ಎತ್ತಿದವರಲ್ಲಿ ಈ ಬೆಟ್ಟದ ಮನುಷ್ಯನೂ ಒಬ್ಬ.

ಅಕಾಸಾಕಾದಲ್ಲಿ ಅವಸರದಲ್ಲಿ ಒಂದು ಕೋಟೆ ಕಟ್ಟಿದ. ಕೋಟೆ ಎಂದರೆ ಕಲ್ಲಿನದ್ದಲ್ಲ, ಗುಡ್ಡ ಕಡಿದು ಬೇಲಿ ಕಟ್ಟಿದ್ದು. ಕಾಮಾಕುರಾದ ಸೈನ್ಯ ಬಂತು, ಕೋಟೆಯಲ್ಲಿ ದಿನಸಿ ಮುಗಿಯಿತು. ಇನ್ನೊಬ್ಬನಾಗಿದ್ದರೆ ಅಲ್ಲೇ ಹೊಟ್ಟೆ ಬಗೆದುಕೊಂಡು ಹಾಡಾಗುತ್ತಿದ್ದ. ಕುಸುನೋಕಿ ಒಂದು ಗುಂಡಿ ತೋಡಿಸಿ, ಸತ್ತವರ ಹೆಣಗಳನ್ನು ಅದರಲ್ಲಿ ಹಾಕಿಸಿ, ಮಳೆಗಾಳಿಯ ರಾತ್ರಿ ತನ್ನವರನ್ನೆಲ್ಲ ಎರಡು ಮೂರು ಜನರಂತೆ ಹೊರಗೆ ಜಾರಿಸಿ, ಕೊನೆಗೆ ಕೋಟೆಗೆ ಬೆಂಕಿ ಇಡಿಸಿದ. ಬೆಳಗ್ಗೆ ಒಳಗೆ ಬಂದವರು ಸುಟ್ಟ ಹೆಣಗಳ ರಾಶಿ ನೋಡಿ, ಪಾಪ, ಕುಸುನೋಕಿ ಆತ್ಮಾಹುತಿ ಮಾಡಿಕೊಂಡ ಎಂದು ಮರುಗಿದರಂತೆ. ಒಂದು ವರ್ಷದ ಮೇಲೆ ಸತ್ತವನು ಎದ್ದು ಬಂದು ಅದೇ ಕೋಟೆಯನ್ನು ಕಿತ್ತುಕೊಂಡ.

ಈ ಪ್ರಸಂಗ ‘ತಾಯ್‌ಹೆಯ್ಕಿ’ಯದು. ಆ ಶತಮಾನದಲ್ಲೇ ಹುಟ್ಟಿದ ದೊಡ್ಡ ಯುದ್ಧಕಥನ ಅದು, ಹಾಡಿ ಹೇಳಿ ಬೆಳೆದದ್ದು. ಅದರ ಅಂಕಿ ಸಂಖ್ಯೆಗಳನ್ನು ನಂಬಬೇಕಾಗಿಲ್ಲ. ಆದರೆ ನಾಯಕ ಸತ್ತಂತೆ ನಟಿಸಿ ಓಡಿಹೋದದ್ದನ್ನು ಅಭಿಮಾನದಿಂದ ಹೇಳುವ ಕತೆಯೆಂದರೆ ನನಗಿಷ್ಟ.

1333ರ ಚಿಹಾಯಾ ಮುತ್ತಿಗೆಗಂತೂ ಅದು ಪುಟಗಟ್ಟಲೆ ಮೀಸಲಿಡುತ್ತದೆ. ಕೊಂಗೋ ಬೆಟ್ಟದ ಪಡುವಣ ಇಳಿಜಾರಿನ ಒಂದು ಮೂಗಿನ ಮೇಲೆ ಪುಟ್ಟ ಕೋಟೆ. ಒಳಗೆ ಸಾವಿರ ಜನರೂ ಇಲ್ಲ. ಹೊರಗೆ ಹತ್ತು ಲಕ್ಷ ಎನ್ನುತ್ತದೆ ಕಥನ. ಒಂದೆರಡು ಸೊನ್ನೆ ಅಳಿಸಿಕೊಂಡರೂ ಸೈನ್ಯ ದೊಡ್ಡದೇ. ಮೊದಲ ಸಲ ನುಗ್ಗಿದಾಗ ಮೇಲಿನಿಂದ ಬಂಡೆ ಉರುಳಿಸಿದರು. ಸತ್ತವರ, ಗಾಯಾಳುಗಳ ಲೆಕ್ಕ ಬರೆಯಲು ಕೂತ ಹನ್ನೆರಡು ಜನ ಗುಮಾಸ್ತರು ಮೂರು ಹಗಲು ಮೂರು ರಾತ್ರಿ ಕುಂಚ ಕೆಳಗಿಡಲಿಲ್ಲವಂತೆ.

ಸರಿ, ನೀರು ನಿಲ್ಲಿಸೋಣ ಎಂದುಕೊಂಡರು. ಕೋಟೆಯವರು ರಾತ್ರಿ ಕಣಿವೆಯ ಹಳ್ಳಕ್ಕೆ ಇಳಿದೇ ಇಳಿಯುತ್ತಾರೆಂದು ಅಲ್ಲಿ ಕಾವಲು ಕೂತರು. ಕುಸುನೋಕಿ ಬೆಟ್ಟದ ಒರತೆಗಳನ್ನು ಮೊದಲೇ ಗುರುತಿಸಿಟ್ಟಿದ್ದ. ಮರದ ತೊಟ್ಟಿಗಳನ್ನು ಇನ್ನೂರು ಮುನ್ನೂರರ ಲೆಕ್ಕದಲ್ಲಿ ಮಾಡಿಸಿ ಮಳೆನೀರು ತುಂಬಿಸಿದ್ದ. ಕಾದು ಕಾದು ಕಾವಲಿನವರಿಗೆ ಬೇಸರ ಹತ್ತಿ ಕಣ್ಣು ಎಳೆಯತೊಡಗಿದ ಹೊತ್ತಿಗೆ ಬೆಳಗಿನ ಜಾವ ಮೇಲೆ ಬಿದ್ದು, ಅವರ ಬಾವುಟ, ಪರದೆಗಳನ್ನು ಕಿತ್ತುಕೊಂಡು ಹೋದರು. ಮರುದಿನ ಆ ಬಾವುಟಗಳನ್ನೇ ಕೋಟೆಯ ಬಾಗಿಲಿಗೆ ಕಟ್ಟಿ, ನಿಮ್ಮ ಮನೆತನದ ಲಾಂಛನ ಇದೆ, ನಮಗೆ ಉಪಯೋಗವಿಲ್ಲ, ಬಂದು ತಗೊಂಡು ಹೋಗಿ ಎಂದು ಕೂಗಿ ನಕ್ಕರು. ಮಾನ ಕಳೆದುಕೊಂಡ ಮನೆತನದವರು ಸಿಟ್ಟಿನಲ್ಲಿ ನುಗ್ಗಿ, ಮತ್ತೆ ಬಂಡೆಗೆ, ಮರದ ದಿಮ್ಮಿಗೆ ಸಿಕ್ಕರು.

ಆಮೇಲಿನದ್ದು ನನಗೆ ಅತ್ಯಂತ ಪ್ರಿಯವಾದ ಭಾಗ. ಇನ್ನು ಮೇಲೆ ಹತ್ತುವುದು ಬೇಡ, ಸುಮ್ಮನೆ ಸುತ್ತುಗಟ್ಟಿ ಕೂರೋಣ ಎಂದು ಮುತ್ತಿಗೆಯವರು ತೀರ್ಮಾನಿಸಿದರು. ಕೂತು ಏನು ಮಾಡುವುದು? ಕ್ಯೋತೊದಿಂದ ಕವಿಗಳನ್ನು ಕರೆಸಿ ಹತ್ತು ಸಾವಿರ ಪದ್ಯಗಳ ಸರಪಳಿ ಕವಿತೆಯ ಗೋಷ್ಠಿ ಶುರುಮಾಡಿದರು. ಕೆಲವರು ಗೋ ಆಟ, ಕೆಲವರು ದಾಳ, ಕೆಲವರು ಚಹಾದ ರುಚಿ ಹೇಳುವ ಪಂದ್ಯ. ದಾಳದ ಲೆಕ್ಕದಲ್ಲಿ ಮಾತಿಗೆ ಮಾತು ಬೆಳೆದು ಒಂದೇ ಮನೆತನದ ಚಿಕ್ಕಪ್ಪ, ಅಣ್ಣನ ಮಗ ಒಬ್ಬರನ್ನೊಬ್ಬರು ಇರಿದುಕೊಂಡು ಸತ್ತರು, ಅವರ ಆಳುಗಳು ಹೊಡೆದಾಡಿ ಇನ್ನೂರಕ್ಕೂ ಹೆಚ್ಚು ಹೆಣ ಬಿತ್ತು. ಕೋಟೆಯವರು ಮೇಲಿನಿಂದ ನೋಡಿ ನಕ್ಕರು ಎನ್ನುತ್ತದೆ ಕಥನ.

ಅವರನ್ನು ಹಾಗೆ ಆರಾಮಾಗಿ ಬಿಡುವುದೂ ಕುಸುನೋಕಿಗೆ ಇಷ್ಟವಿರಲಿಲ್ಲ. ಆಳೆತ್ತರದ ಇಪ್ಪತ್ತು ಮೂವತ್ತು ಹುಲ್ಲುಬೊಂಬೆ ಮಾಡಿಸಿ, ಕವಚ ತೊಡಿಸಿ, ರಾತ್ರಿ ಗುಡ್ಡದ ಬುಡದಲ್ಲಿ ನಿಲ್ಲಿಸಿ, ಮುಂದೆ ಗುರಾಣಿ ಇಡಿಸಿದ. ಹಿಂದೆ ಐನೂರು ಜನ. ಮಂಜು ತೆಳುವಾಗುವ ಹೊತ್ತಿಗೆ ಒಮ್ಮೆಲೇ ಕೂಗು ಹಾಕಿದರು. ಕೊನೆಗೂ ಹೊರಗೆ ಬಂದರು ಎಂದು ಇವರು ನುಗ್ಗಿದರು. ನಿಜವಾದ ಜನ ಬಾಣ ಬಿಡುತ್ತಾ ಒಬ್ಬೊಬ್ಬರಾಗಿ ಮೇಲಕ್ಕೆ ಜಾರಿಕೊಂಡರು. ಇವರು ಬೊಂಬೆಗಳ ಸುತ್ತ ಗುಂಪುಗೂಡಿದಾಗ ನಲವತ್ತು ಐವತ್ತು ಬಂಡೆಗಳು ಒಟ್ಟಿಗೆ ಉರುಳಿದವು. ಶತ್ರುವಿಗೆ ಹೀಗೆ ಚಳ್ಳೆಹಣ್ಣು ತಿನ್ನಿಸಿದ ದಳಪತಿಯನ್ನು ಕಥನಕಾರ ಹೀಗಳೆಯುವುದಿಲ್ಲ, ಕೊಂಡಾಡುತ್ತಾನೆ.

ಕುಸುನೋಕಿ ಇಲ್ಲಿ ಗೆದ್ದದ್ದು ಯುದ್ಧವನ್ನಲ್ಲ, ಸಮಯವನ್ನು. ಕಾಮಾಕುರಾದ ದೊಡ್ಡ ಸೈನ್ಯ ಒಂದು ಗುಡ್ಡದ ಕೆಳಗೆ ತಿಂಗಳುಗಟ್ಟಲೆ ಸಿಕ್ಕಿಕೊಂಡಿದೆ ಎಂಬ ಸುದ್ದಿ ದೇಶದ ತುಂಬ ಹಬ್ಬಿತು. ಇವರ ಕೈಯಲ್ಲಿ ಏನೂ ಆಗುವುದಿಲ್ಲ ಎಂದು ಕಾದು ಕೂತಿದ್ದ ಸರದಾರರಿಗೆ ಧೈರ್ಯ ಬಂತು. ಓಕಿ ದ್ವೀಪಕ್ಕೆ ಗಡೀಪಾರಾಗಿದ್ದ ಗೊದೈಗೊ ತಪ್ಪಿಸಿಕೊಂಡು ಬಂದ. ಅವನನ್ನು ಹಿಡಿಯಲು ಹೊರಟ ಅಶಿಕಾಗಾ ತಕಾವುಜಿ ದಾರಿಯಲ್ಲೇ ಪಕ್ಷ ಬದಲಿಸಿ ಕ್ಯೋತೊದ ಹೋಜೋ ಠಾಣೆಯನ್ನು ಹೊಡೆದ. ಪೂರ್ವದಲ್ಲಿ ನಿತ್ತಾ ಯೊಶಿಸಾದ ಎದ್ದು ಕಾಮಾಕುರಾವನ್ನೇ ಸುಟ್ಟ. ಹೋಜೋಗಳು ತಮ್ಮ ಮನೆತನದ ದೇವಾಲಯದಲ್ಲಿ ಸಾಮೂಹಿಕವಾಗಿ ಪ್ರಾಣ ಬಿಟ್ಟರು. ಚಿಹಾಯಾ ಬೀಳಲೇ ಇಲ್ಲ.

ಟೋಕಿಯೊದ ಅರಮನೆ ಮೈದಾನದಲ್ಲಿರುವ ಕುಸುನೋಕಿಯ ಪ್ರತಿಮೆ ಹಿಡಿದಿಟ್ಟಿರುವುದು ಇದರ ನಂತರದ ಗಳಿಗೆಯನ್ನು. ಮರಳಿ ಬರುತ್ತಿರುವ ಚಕ್ರವರ್ತಿಯನ್ನು ಹ್ಯೋಗೊದಲ್ಲಿ ಎದುರುಗೊಂಡು, ಕುದುರೆಯ ಲಗಾಮು ಬಿಗಿಹಿಡಿದು ನಿಲ್ಲಿಸುತ್ತಿರುವ ಭಂಗಿ. ಟೋಕಿಯೊಗೆ ಹೋಗಿಬಂದ ಕನ್ನಡಿಗರ ಫೇಸ್‌ಬುಕ್ ಆಲ್ಬಂಗಳಲ್ಲಿ ಈ ಕುದುರೆ ಸವಾರ ಇದ್ದೇ ಇರುತ್ತಾನೆ. ಟೂರ್ ಬಸ್ಸುಗಳು ನಿಲ್ಲುವುದು ಅಲ್ಲೇ ಪಕ್ಕದಲ್ಲಿ. ನಾನು ಹೋದ ದಿನವೂ ಒಬ್ಬ ಗೈಡ್ ಚಿಕ್ಕ ಬಾವುಟ ಹಿಡಿದು ಎರಡೇ ನಿಮಿಷದಲ್ಲಿ ವಿಷಯ ಮುಗಿಸಿದಳು: ಸಮುರಾಯ್, ನಿಷ್ಠೆ, ಶೌಚಾಲಯ ಆ ಕಡೆ. ಹತ್ತಿರ ಹೋಗಿ ನೋಡಿದರೆ ಮನುಷ್ಯನಿಗಿಂತ ಕುದುರೆಯೇ ಕಣ್ಣು ಸೆಳೆಯುತ್ತದೆ. ಒಂದು ಮುಂಗಾಲು ಎತ್ತಿದೆ, ಕುತ್ತಿಗೆ ಬಿಲ್ಲಿನಂತೆ ಬಾಗಿದೆ, ಕವಚದ ಒಂದೊಂದು ಹೆಣಿಗೆಯೂ ಬೇರೆ ಬೇರೆಯಾಗಿ ಕಾಣುತ್ತದೆ.

ಬೆಸ್ಶಿ ತಾಮ್ರದ ಗಣಿಗೆ ಇನ್ನೂರು ವರ್ಷ ತುಂಬಿದ ನೆನಪಿಗೆ ಅದರ ಮಾಲೀಕರಾದ ಸುಮಿತೊಮೊ ಮನೆತನದವರು ಮಾಡಿಸಿಕೊಟ್ಟ ಕಾಣಿಕೆ ಇದು, ಮುಗಿದದ್ದು 1900ರಲ್ಲಿ. ಮುಖ ಕಡೆದದ್ದು ಶಿಲ್ಪಿ ತಕಾಮುರಾ ಕೋವುನ್, ಕುದುರೆ ಗೊತೋ ಸಾದಾಯುಕಿಯದು. ಎರಕ ಹೊಯ್ಯುವ ಮೊದಲು ಮರದ ಮಾದರಿಯನ್ನು ಅರಮನೆಗೆ ಒಯ್ದು ಮೇಜಿ ಚಕ್ರವರ್ತಿಗೆ ತೋರಿಸಿದರು. ಜೋಡಿಸುವ ಗಡಿಬಿಡಿಯಲ್ಲಿ ಶಿರಸ್ತ್ರಾಣದ ಮುಂದಿನ ಕತ್ತಿಯಾಕಾರದ ಅಲಂಕಾರಕ್ಕೆ ಒಂದು ಬೆಣೆ ಹೊಡೆಯುವುದು ಮರೆತುಹೋಗಿತ್ತು. ಚಕ್ರವರ್ತಿ ಸುತ್ತು ಹಾಕಿ ನೋಡುತ್ತಿದ್ದಾಗ ಗಾಳಿ ಬೀಸಿದಂತೆಲ್ಲ ಅದು ಅಲ್ಲಾಡುತ್ತಿತ್ತು, ತನ್ನ ಜೀವ ಬಾಯಿಗೆ ಬಂದಿತ್ತು ಎಂದು ಕೋವುನ್ ಮುದುಕನಾದ ಮೇಲೆ ನೆನೆಸಿಕೊಂಡಿದ್ದಾನೆ. ಪುಣ್ಯಕ್ಕೆ ಬೀಳಲಿಲ್ಲ.

ಮತ್ತೆ 1333ಕ್ಕೆ. ಗೊದೈಗೊ ಗೆದ್ದ, ಆಳತೊಡಗಿದ, ಕೆಡಿಸಿದ. ತನಗಾಗಿ ಪ್ರಾಣ ಕೊಟ್ಟ ಯೋಧರಿಗಿಂತ ಅರಮನೆಯ ಸುತ್ತಲಿನವರಿಗೆ ಜಮೀನು ಹಂಚಿದ. ಹೊಸ ಅರಮನೆ ಕಟ್ಟಲು ಕಂದಾಯ ಹಾಕಿದ. ಕ್ಯೋತೊದ ನಿಜೋ ನದಿದಂಡೆಯಲ್ಲಿ ಯಾರೋ ಒಂದು ಅಣಕು ಪದ್ಯ ತೂಗುಹಾಕಿದರು. ಈಗ ರಾಜಧಾನಿಯಲ್ಲಿ ಹೆಚ್ಚಾಗಿರುವುದು ಏನೆಂದರೆ ರಾತ್ರಿ ದಾಳಿ, ದರೋಡೆ, ಖೊಟ್ಟಿ ರಾಜಾಜ್ಞೆ ಎಂದು ಶುರುವಾಗುವ ಅದು ಇವತ್ತು ಓದಿದರೂ ಮಜವಾಗಿದೆ. ಕುಸುನೋಕಿಗೆ ಕವಾಚಿ, ಇಜುಮಿ ಪ್ರಾಂತಗಳ ಅಧಿಕಾರ ಸಿಕ್ಕಿತು. ಅವನಿಗೆ ಕೊರತೆಯಾಗಲಿಲ್ಲ, ಉಳಿದವರಿಗಾಯಿತು. ಅತೃಪ್ತರೆಲ್ಲ ತಕಾವುಜಿಯ ಹಿಂದೆ ಸೇರಿದರು. 1335ರಲ್ಲಿ ತಕಾವುಜಿ ತಿರುಗಿಬಿದ್ದ, 1336ರ ಆರಂಭದಲ್ಲಿ ಕ್ಯೋತೊ ಹಿಡಿದ, ಅಲ್ಲಿಂದ ಏಟು ತಿಂದು ದೂರದ ಕ್ಯೂಶೂಗೆ ಓಡಿದ.

ರಾಜಧಾನಿಯಲ್ಲಿ ಸಂಭ್ರಮ. ಆಗ ಕುಸುನೋಕಿ ಒಂದು ಮಾತು ಹೇಳಿದ. ಇದು ಇರುವುದು ‘ಬಾಯ್‌ಶೋರೊನ್’ ಎಂಬ ಇನ್ನೊಂದು ಕಥನದಲ್ಲಿ. ಅದು ತಕಾವುಜಿಯ ಕಡೆಯವರು ಬರೆದದ್ದು, ಶತ್ರುಪಕ್ಷದ ಸಾಕ್ಷಿ. ನಿತ್ತಾ ಯೊಶಿಸಾದನನ್ನು ತೆಗೆದುಹಾಕಿ, ತಕಾವುಜಿಯನ್ನು ವಾಪಸ್ಸು ಕರೆಸಿ ರಾಜಿ ಮಾಡಿಕೊಳ್ಳಿ, ರಾಯಭಾರಕ್ಕೆ ನಾನೇ ಹೋಗುತ್ತೇನೆ ಎಂದನಂತೆ. ಗೆದ್ದವರು ಸೋತವನ ಕಾಲು ಹಿಡಿಯುವುದೇ ಎಂದು ಆಸ್ಥಾನ ನಕ್ಕಿತು. ಕುಸುನೋಕಿಯ ಲೆಕ್ಕ ಸರಳವಾಗಿತ್ತು: ಸೋತು ಓಡುತ್ತಿರುವವನ ಹಿಂದೆ ರಾಜಧಾನಿಯ ಜನ ಕೂಡ ಹೋಗುತ್ತಿದ್ದಾರೆ, ಗೆದ್ದ ನಮ್ಮ ಜೊತೆ ಯಾರೂ ಉಳಿಯುತ್ತಿಲ್ಲ, ಅಂದಮೇಲೆ ಗೆದ್ದವರು ಯಾರು? ಮಾತು ಯಾರ ಕಿವಿಗೂ ಬೀಳಲಿಲ್ಲ.

ಕೆಲವೇ ತಿಂಗಳಲ್ಲಿ ತಕಾವುಜಿ ಕ್ಯೂಶೂವನ್ನು ಗೆದ್ದು, ಸಮುದ್ರದ ಮೇಲೆ ಹಡಗುಪಡೆ, ನೆಲದ ಮೇಲೆ ತಮ್ಮ ತಾದಾಯೊಶಿಯ ದಂಡು ಎಂದು ಎರಡು ಕವಲಾಗಿ ವಾಪಸ್ಸು ಬಂದ. ಕುಸುನೋಕಿ ಮತ್ತೆ ಬುದ್ಧಿ ಹೇಳಿದ. ಇದು ತಾಯ್‌ಹೆಯ್ಕಿಯಲ್ಲಿದೆ. ಎದುರು ನಿಂತು ಕಾದುವುದು ಬೇಡ. ಚಕ್ರವರ್ತಿ ಹಿಯೇಯ್ ಬೆಟ್ಟಕ್ಕೆ ಹೋಗಲಿ, ತಕಾವುಜಿ ಕ್ಯೋತೊ ಒಳಗೆ ಬರಲಿ. ನಾನು ಕವಾಚಿಗೆ ಹೋಗಿ ನದಿಯ ದಾರಿ ಕಟ್ಟುತ್ತೇನೆ. ಊರೊಳಗೆ ಅನ್ನವಿಲ್ಲದೆ ಅವನ ಸೈನ್ಯ ಕರಗಿದ ಮೇಲೆ ಎರಡೂ ಕಡೆಯಿಂದ ಹಿಡಿಯೋಣ. ಚಿಹಾಯಾದ ಬುದ್ಧಿಯೇ ಇದು, ಈ ಸಲ ಇಡೀ ರಾಜಧಾನಿಯನ್ನು ಬಳಸಿಕೊಂಡು. ಹಲವರು ಒಪ್ಪಿದರು. ಬೋಮೊನ್ ಕಿಯೊತಾದ ಎಂಬ ಆಸ್ಥಾನಿಕ ಎದ್ದು, ಒಂದೇ ವರ್ಷದಲ್ಲಿ ಎರಡು ಸಲ ಚಕ್ರವರ್ತಿ ರಾಜಧಾನಿ ಬಿಟ್ಟರೆ ಮರ್ಯಾದೆ ಏನಾಗಬೇಕು ಎಂದ. ಆ ಮಾತೇ ಗೆದ್ದಿತು. ಇನ್ನು ನನ್ನ ತಕರಾರಿಲ್ಲ ಎಂದು ಕುಸುನೋಕಿ ಹೊರಟ.

1336ರ ಐದನೇ ಚಾಂದ್ರಮಾಸದ 25. ಇಸವಿ ನೋಡಿದರೆ ನಮಗೆ ಥಟ್ಟನೆ ಹೊಳೆಯುವುದು ತುಂಗಭದ್ರೆಯ ದಂಡೆ. ವಿಜಯನಗರದ ಸ್ಥಾಪನೆ ಎಂದು ನಾವು ಬಾಯಿಪಾಠ ಮಾಡಿದ ವರ್ಷವೇ ಈಗಿನ ಕೋಬೆ ನಗರದ ಮಿನಾತೊಗಾವಾ ನದಿಯ ಬಳಿ ಈ ಕಾಳಗ ನಡೆಯಿತು. ಸಂಬಂಧವೇನೂ ಇಲ್ಲ, ಇಸವಿ ನೆನಪಿಟ್ಟುಕೊಳ್ಳಲು ಅನುಕೂಲ. ತಕಾವುಜಿಯ ಹಡಗುಗಳು ಹಿಂದಿನಿಂದ ಜನರನ್ನು ಇಳಿಸಿದವು, ನಿತ್ತಾನ ಪಡೆ ಸರಿಯಿತು, ಕುಸುನೋಕಿ ನಡುವೆ ಒಂಟಿಯಾದ. ಏಳುನೂರು ಸವಾರರು, ಹದಿನಾರು ಸಲ ಡಿಕ್ಕಿ, ಕೊನೆಗೆ ಉಳಿದವರು ಎಪ್ಪತ್ತಮೂರು. ಒಂದು ಮನೆಯೊಳಗೆ ಹೋದರು. ಕುಸುನೋಕಿ ತನ್ನ ತಮ್ಮನನ್ನು ಕೇಳಿದ: ಸಾಯುವಾಗಿನ ಆಸೆ ಮುಂದಿನ ಜನ್ಮ ತೀರ್ಮಾನಿಸುತ್ತದಂತೆ, ನಿನ್ನದೇನು? ಏಳು ಜನ್ಮವೂ ಇದೇ ಮನುಷ್ಯಲೋಕದಲ್ಲಿ ಹುಟ್ಟಿ ಚಕ್ರವರ್ತಿಯ ಶತ್ರುಗಳನ್ನು ಕೊಲ್ಲಬೇಕು ಎಂದ ತಮ್ಮ ಮಸಾಸುಯೆ, ಗಹಗಹಿಸಿ ನಗುತ್ತಾ. ಅಣ್ಣನ ಮುಖ ಅರಳಿತು. ಇದು ಪಾಪದ, ಕೆಟ್ಟ ಯೋಚನೆ, ಆದರೂ ನನಗೂ ಹಾಗೇ ಅನ್ನಿಸುತ್ತಿದೆ ಎಂದ. ಇಬ್ಬರೂ ಒಬ್ಬರನ್ನೊಬ್ಬರು ಇರಿದುಕೊಂಡರು.

ಎರಡು ದಿನದೊಳಗೆ ಗೊದೈಗೊ ಹಿಯೇಯ್ ಬೆಟ್ಟಕ್ಕೆ ಓಡಿದ. ಒಂದೇ ವರ್ಷದಲ್ಲಿ ಎರಡನೇ ಸಲ.

ಪಾಪದ ಯೋಚನೆ ಎಂಬ ಆ ತುಣುಕನ್ನು ದಯವಿಟ್ಟು ಗಮನದಲ್ಲಿಡಿ. ತಾಯ್‌ಹೆಯ್ಕಿ ಬರೆದವರಿಗೆ ಅದು ಸುಮ್ಮನೆ ಬಂದ ಮಾತಲ್ಲ. ಮುಂದಿನ ಅಧ್ಯಾಯಗಳಲ್ಲಿ ಕುಸುನೋಕಿ ಮುಕ್ತಿ ಸಿಗದ ಪ್ರೇತವಾಗಿ ಬರುತ್ತಾನೆ. ಮಿನಾತೊಗಾವಾದಲ್ಲಿ ತನ್ನನ್ನು ಸಾವಿಗೆ ದೂಡಿದ ಓಮೊರಿ ಹಿಕೊಶಿಚಿ ಎಂಬ ಯೋಧನನ್ನು ಕಾಡುತ್ತಾನೆ, ಅವನ ಕತ್ತಿ ಬೇಡುತ್ತಾನೆ. ಕೊನೆಗೆ ಮಹಾಪ್ರಜ್ಞಾಪಾರಮಿತಾ ಸೂತ್ರ ಪಾರಾಯಣ ಮಾಡಿಸಿದ ಮೇಲಷ್ಟೇ ತಣ್ಣಗಾಗುತ್ತಾನೆ. ಆ ಕಾಲದವರ ಕಣ್ಣಿಗೆ ದ್ವೇಷ ಹೊತ್ತು ಸತ್ತವನು ಭೂತವಾಗುತ್ತಾನೆಯೇ ಹೊರತು ದೇವರಲ್ಲ. ತಕಾವುಜಿ ಅವನ ತಲೆಯನ್ನು ಹೆಂಡತಿ ಮಕ್ಕಳು ಕೊನೆಯ ಸಲ ನೋಡಲಿ ಎಂದು ಮನೆಗೆ ಕಳಿಸಿದ. ತಲೆಯನ್ನು ಹೂತ ದಿಬ್ಬ ಕಾನ್ಶಿನ್‌ಜಿ ದೇವಾಲಯದಲ್ಲಿದೆ. ಅದೇ ಆವರಣದಲ್ಲಿ ಕುಸುನೋಕಿ ಕಟ್ಟಿಸಲು ಶುರುಮಾಡಿದ್ದ ಮೂರಂತಸ್ತಿನ ಪಗೋಡವೂ ಇದೆ. ಅವನು ಸತ್ತಾಗ ಒಂದಂತಸ್ತು ಎದ್ದಿತ್ತು, ಹಾಗೇ ಹುಲ್ಲು ಹೊದಿಸಿಬಿಟ್ಟರು. ಅವನ ಊರಿನಲ್ಲಿ ಯುದ್ಧದಲ್ಲಿ ಸತ್ತವರಿಗೆಂದು ಎರಡು ಕಲ್ಲಿನ ಸ್ಮಾರಕಗಳಿವೆ. ಒಂದು ನಮ್ಮವರಿಗೆ, ಒಂದು ಮುತ್ತಿಗೆ ಹಾಕಿದವರಿಗೆ. ಎರಡನೆಯದೇ ದೊಡ್ಡದು. ಎರಡನ್ನೂ ನಿಲ್ಲಿಸಿದ್ದು ಕುಸುನೋಕಿಯೇ ಎಂದು ಊರವರು ನಂಬುತ್ತಾರೆ.

ಇಲ್ಲಿಂದ ಮುಂದೆ ಕುಸುನೋಕಿ ಬೇರೆಯವರ ಸೊತ್ತು.

ತಕಾವುಜಿಯಿಂದ ಶುರುವಾದ ಅಶಿಕಾಗಾ ಶೋಗನ್ನರ ಕಾಲದಲ್ಲಿ ಅಧಿಕೃತವಾಗಿ ಅವನು ರಾಜದ್ರೋಹಿ. ಸುಮಾರು ಇನ್ನೂರು ವರ್ಷ ಕಳೆದ ಮೇಲೆ, 1559ರಲ್ಲಿ, ತಾನು ಅವನ ವಂಶಸ್ಥ ಎಂದು ಹೇಳಿಕೊಂಡ ಒಬ್ಬ ಲಿಪಿಕಾರ ಚಕ್ರವರ್ತಿಗೆ ಅರ್ಜಿ ಹಾಕಿ ಮಾಫಿ ಮಾಡಿಸಿದ. 1692ರಲ್ಲಿ ಮಿತೊದ ಪ್ರಭು ತೊಕುಗಾವಾ ಮಿತ್ಸುಕುನಿ ಮಿನಾತೊಗಾವಾದಲ್ಲಿ ‘ಅಯ್ಯೋ, ನಿಷ್ಠಾವಂತ ಕುಸುನೋಕಿಯ ಸಮಾಧಿ’ ಎಂದು ತನ್ನ ಕೈಬರಹದಲ್ಲೇ ಕಲ್ಲು ನೆಡಿಸಿದ. ಹಿಂಬದಿಯ ಪ್ರಶಸ್ತಿ ಚೀನಾದಿಂದ ಬಂದಿದ್ದ ನಿರಾಶ್ರಿತ ವಿದ್ವಾಂಸ ಝು ಶುನ್‌ಶುಯಿ ಬರೆದದ್ದು. ಮಿಂಗ್ ಅರಸರು ಬಿದ್ದುಹೋದ ಮೇಲೂ ಅವರಿಗೇ ನಿಷ್ಠನಾಗಿ ದೇಶ ಬಿಟ್ಟವನು ಅವನು. ಸೋತ ಪಕ್ಷದ ನಿಷ್ಠೆ ಏನೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಹತ್ತೊಂಬತ್ತನೇ ಶತಮಾನದಲ್ಲಿ ಶೋಗನ್ನರನ್ನು ಇಳಿಸಿ ಚಕ್ರವರ್ತಿಯನ್ನು ಏರಿಸಬೇಕೆಂದ ತರುಣರಿಗೆ ಆ ಕಲ್ಲು ಯಾತ್ರಾಸ್ಥಳವಾಯಿತು. ಅವರಲ್ಲಿ ಹಲವರ ಗುರುವಾದ ಯೊಶಿದಾ ಶೋಯಿನ್ ಅಲ್ಲಿ ಅತ್ತ. 1863ರಲ್ಲಿ ಕೆಲವರು ಕ್ಯೋತೊದ ತೋಜಿಯಿನ್ ದೇವಾಲಯಕ್ಕೆ ನುಗ್ಗಿ, ಅಶಿಕಾಗಾ ಶೋಗನ್ನರ ಮರದ ವಿಗ್ರಹಗಳ ತಲೆ ಕಡಿದು ನದಿದಂಡೆಯಲ್ಲಿ ಸಾಲಾಗಿ ಇಟ್ಟರು. ಐನೂರು ವರ್ಷ ಹಳೆಯ ಸಿಟ್ಟನ್ನು ಮರದ ಮೇಲೆ ತೀರಿಸಿಕೊಂಡ ಆ ಸಾಹಸಿಗಳನ್ನು ನೋಡಿ ನಗಬೇಕೋ ಹೆದರಬೇಕೋ ತಿಳಿಯುವುದಿಲ್ಲ. ಐದು ವರ್ಷದಲ್ಲಿ ಅವರ ಪಕ್ಷವೇ ಗೆದ್ದಿತು. 1872ರಲ್ಲಿ ಮಿನಾತೊಗಾವಾದಲ್ಲಿ ಕುಸುನೋಕಿಗೆ ಗುಡಿ ಎದ್ದಿತು, 1880ರಲ್ಲಿ ಆಸ್ಥಾನದ ಅತ್ಯುಚ್ಚ ಪದವಿ ಸಂದಿತು.

ಹೊಸ ಸರ್ಕಾರಕ್ಕೆ ಸೈನಿಕರು ಬೇಕಿತ್ತು, ಸೈನಿಕರಿಗೆ ಶಾಲೆಯಲ್ಲೇ ಕಲಿಸಲು ಒಂದು ಕತೆ ಬೇಕಿತ್ತು. ಕೊನೆಯ ಯುದ್ಧಕ್ಕೆ ಹೊರಟ ಅಪ್ಪ ಸಾಕುರಾಯಿ ಎಂಬ ಠಾಣೆಯಲ್ಲಿ ಹನ್ನೊಂದು ವರ್ಷದ ಮಗ ಮಸಾತ್ಸುರನನ್ನು ಮನೆಗೆ ಕಳಿಸುವ ದೃಶ್ಯ ಹಾಡಾಯಿತು, ಪಠ್ಯವಾಯಿತು. ಪುರಾವೆ ಎಲ್ಲಿ ಎಂದು ಕೇಳಿದ ಇತಿಹಾಸಕಾರರೂ ಇದ್ದರು. ತಾಯ್‌ಹೆಯ್ಕಿಯಿಂದ ಇತಿಹಾಸಕ್ಕೆ ಪ್ರಯೋಜನವಿಲ್ಲ ಎಂದು 1891ರಲ್ಲಿ ಬರೆದ ಕುಮೆ ಕುನಿತಾಕೆ ಮರುವರ್ಷ, ಜಪಾನಿನ ನೆಲದ ಧರ್ಮವಾದ ಶಿಂತೋ ಬಗ್ಗೆ ಬರೆದ ಇನ್ನೊಂದು ಲೇಖನದ ಗಲಾಟೆಯಲ್ಲಿ, ವಿಶ್ವವಿದ್ಯಾಲಯದ ಕೆಲಸ ಕಳೆದುಕೊಂಡ. 1911ರಲ್ಲಿ, ಹದಿನಾಲ್ಕನೇ ಶತಮಾನದಲ್ಲಿ ಎದುರುಬದುರಾಗಿ ನಡೆದ ಎರಡು ಆಸ್ಥಾನಗಳಲ್ಲಿ, ಗೊದೈಗೊನ ದಕ್ಷಿಣದ್ದು ಮತ್ತು ತಕಾವುಜಿ ಕ್ಯೋತೊದಲ್ಲಿ ಕೂರಿಸಿದ ಉತ್ತರದ್ದು, ಅಸಲಿ ಯಾವುದು ಎಂಬುದು ಸಂಸತ್ತಿನವರೆಗೆ ಹೋಗಿ, ಗೊದೈಗೊನ ದಕ್ಷಿಣ ಆಸ್ಥಾನವೇ ಅಸಲಿ ಎಂದು ತೀರ್ಮಾನವಾಯಿತು. ಪಠ್ಯಪುಸ್ತಕ ಬರೆದ ಅಧಿಕಾರಿಯನ್ನು ಅಮಾನತು ಮಾಡಿದರು. ಆಗ ಸಿಂಹಾಸನದಲ್ಲಿದ್ದ ಮೇಜಿ ಚಕ್ರವರ್ತಿ ಉತ್ತರ ಆಸ್ಥಾನದ ವಂಶದವನು ಎಂಬುದನ್ನು ಎಲ್ಲರೂ ಜಾಣತನದಿಂದ ಪಕ್ಕಕ್ಕಿಟ್ಟರು. 1934ರಲ್ಲಿ ವಾಣಿಜ್ಯ ಸಚಿವ ನಾಕಾಜಿಮಾ ಕುಮಾಕಿಚಿ ರಾಜೀನಾಮೆ ಕೊಡಬೇಕಾಯಿತು. ತಪ್ಪು? ಎಷ್ಟೋ ವರ್ಷಗಳ ಹಿಂದೆ ಅಶಿಕಾಗಾ ತಕಾವುಜಿಯನ್ನು ಹೊಗಳಿ ಒಂದು ಪ್ರಬಂಧ ಬರೆದಿದ್ದ.

ಆಮೇಲಿನ ಹತ್ತು ವರ್ಷ ಓದುವುದು ಕಷ್ಟ. ‘ಏಳು ಜನ್ಮ’ದ ಮಾತು ದೇಶಸೇವೆಯ ಘೋಷಣೆಯಾಗಿ ತಲೆಗೆ ಕಟ್ಟುವ ಬಿಳಿ ಪಟ್ಟಿಗಳ ಮೇಲೆ ಬಂತು. ಪಾಪದ ಯೋಚನೆ ಎಂದ ಅಣ್ಣನ ಮಾತನ್ನು ಕತ್ತರಿಸಿ ಎಸೆದರು. ನೀರಿನ ಮೇಲೆ ತೇಲುವ ಸೇವಂತಿಗೆ ಕುಸುನೋಕಿ ಮನೆತನದ ಲಾಂಛನ, ‘ಕಿಕುಸುಯಿ’. 1945ರ ಏಪ್ರಿಲ್‌ನಿಂದ ಜೂನ್‌ವರೆಗೆ ಓಕಿನಾವಾ ಸುತ್ತ ನಡೆದ ಆತ್ಮಾಹುತಿ ವಿಮಾನ ದಾಳಿಗಳಿಗೆ ನೌಕಾಪಡೆ ಇಟ್ಟ ಹೆಸರು ಅದೇ: ಕಿಕುಸುಯಿ ಒಂದು, ಕಿಕುಸುಯಿ ಎರಡು, ಹೀಗೆ ಹತ್ತರವರೆಗೆ. ಮನುಷ್ಯನೇ ಒಳಗೆ ಕೂತು ನಡೆಸುವ ಟಾರ್ಪಿಡೊಗಳ ಮೊದಲ ತಂಡಕ್ಕೂ ಅದೇ ಹೆಸರು. ಪೈಲಟ್‌ಗಳಲ್ಲಿ ಕಾಲೇಜು ಹುಡುಗರು ಎಷ್ಟೋ ಜನ. ಹೆಣಗಳನ್ನು ಸುಟ್ಟು ತಾನು ಪಾರಾದವನ ಹೆಸರಿನಲ್ಲಿ ಈ ಮಕ್ಕಳನ್ನು ಕಳಿಸಿದರಲ್ಲ, ಅದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ. ಬದುಕಿ ಉಳಿಯುವುದರಲ್ಲಿ ಅವನಷ್ಟು ಪಳಗಿದವರು ಆ ಕಾಲದಲ್ಲಿ ಇರಲಿಲ್ಲ.

ಊಟದ ತಟ್ಟೆಯನ್ನೂ ಬಿಡಲಿಲ್ಲ. ಯುದ್ಧದ ಕೊನೆಯ ವರ್ಷಗಳಲ್ಲಿ ಅಕ್ಕಿ ಸಾಲದಾದಾಗ ‘ನಾನ್ಕೋಮೆಶಿ’ ಎಂಬ ಅಡುಗೆ ಪ್ರಚಾರಕ್ಕೆ ಬಂತು. ಕುಸುನೋಕಿ ಸ್ವಾಮಿಯ ಅನ್ನ ಎಂದು ಅರ್ಥ. ಪಾಲಿಶ್ ಮಾಡದ ಅಕ್ಕಿಯನ್ನು ಕೆಂಪಗೆ ಹುರಿದು, ರಾತ್ರಿಯಿಡೀ ನೀರಲ್ಲಿ ನೆನೆಹಾಕಿ, ಆಮೇಲೆ ಬೇಯಿಸುವುದು. ಅರಳಿ ಊದಿಕೊಂಡು ಪಾತ್ರೆ ತುಂಬ ಕಾಣುತ್ತದೆ. ಮುತ್ತಿಗೆಯ ಕಾಲದಲ್ಲಿ ಅವನು ಹೀಗೆಯೇ ಮಾಡಿಸುತ್ತಿದ್ದ ಎಂಬ ಒಗ್ಗರಣೆ ಬೇರೆ. ತಿಂದವರೆಲ್ಲ ಹೇಳಿದ್ದು ಒಂದೇ: ನೀರು ನೀರು, ರುಚಿಯಿಲ್ಲ, ಬೇಗ ಹಸಿವಾಗುತ್ತದೆ. 1944ರಲ್ಲಿ ಐದು ಸೆನ್ನಿನ ನೋಟಿನ ಮೇಲೆ ಅವನ ಪ್ರತಿಮೆ ಅಚ್ಚಾಯಿತು. ಮರುವರ್ಷದ ಬಾಂಬ್ ದಾಳಿಯಲ್ಲಿ ಕೋಬೆಯ ಅವನ ಗುಡಿ ಸುಟ್ಟುಹೋಯಿತು, ಮತ್ತೆ ಎದ್ದದ್ದು 1952ರಲ್ಲಿ. 1970ರಲ್ಲಿ ಲೇಖಕ ಮಿಶಿಮಾ ಯುಕಿಯೊ ಸೇನಾ ಶಿಬಿರದ ಬಾಲ್ಕನಿಯಲ್ಲಿ ಭಾಷಣ ಮಾಡಿ ಹೊಟ್ಟೆ ಬಗೆದುಕೊಂಡಾಗ ತಲೆಗೆ ಕಟ್ಟಿಕೊಂಡಿದ್ದ ಪಟ್ಟಿಯ ಮೇಲೂ ಅದೇ ಏಳು ಜನ್ಮದ ಘೋಷಣೆ.

ಶಾಲೆಯ ಹಾಡಿನಲ್ಲಿ ಅಪ್ಪ ‘ಹಿರಿಯ ಕುಸುನೋಕಿ’, ಮಗ ಮಸಾತ್ಸುರ ‘ಕಿರಿಯ ಕುಸುನೋಕಿ’. ಮಗನೂ ಅಪ್ಪನಂತೆಯೇ 1348ರಲ್ಲಿ ಶಿಜೋನಾವಾತೆಯಲ್ಲಿ ಕಾದಿ ಸತ್ತ, ಹಾಡಿಗೆ ಹೊಂದಿದ. ಮೂರನೇ ಮಗನೊಬ್ಬನಿದ್ದ, ಮಸಾನೊರಿ. ಅವನಿಗೆ ಹಾಡಿಲ್ಲ. ಅಣ್ಣಂದಿರು ಸತ್ತ ಮೇಲೆ ದಕ್ಷಿಣ ಆಸ್ಥಾನದ ಸೇನೆಯನ್ನು ಹೊತ್ತು ವರ್ಷಗಟ್ಟಲೆ ಕಾದಾಡಿದವನು ಅವನೇ. ಆದರೆ ಎರಡು ಆಸ್ಥಾನಗಳ ನಡುವೆ ಸಂಧಿ ಮಾಡಿಸಲು ಓಡಾಡಿದ. ಸಂಧಿ ಮುರಿದುಬಿದ್ದು, ಪಟ್ಟಕ್ಕೆ ಬಂದ ಹೊಸ ಚಕ್ರವರ್ತಿ ಯುದ್ಧವೇ ಬೇಕೆಂದು ಕೂತಾಗ, 1369ರಲ್ಲಿ ಅಶಿಕಾಗಾ ಕಡೆಗೆ ಹೋದ. ಸ್ವಂತ ಪಾಳಯದವರೇ ದ್ರೋಹಿ ಎಂದು ಮೇಲೇರಿ ಬಂದರು. ಶೋಗನ್ ಸರ್ಕಾರ ಅವನಿಗೆ ಕೊಟ್ಟದ್ದು ಕವಾಚಿ, ಇಜುಮಿ, ಅಪ್ಪನಿಗೆ ಗೊದೈಗೊ ಕೊಟ್ಟಿದ್ದ ಅವೇ ಎರಡು ಪ್ರಾಂತ. 1382ರಲ್ಲಿ ಮತ್ತೆ ದಕ್ಷಿಣಕ್ಕೆ ಮರಳಿದ. ಹೋದ ಪುಟ್ಟ ಬಂದ ಪುಟ್ಟ ಎಂದು ಹಂಗಿಸಿದವರಿಗೆ ಲೆಕ್ಕವಿಲ್ಲ. ನನ್ನನ್ನು ಕೇಳಿದರೆ ತಕಾವುಜಿಯ ಜೊತೆ ರಾಜಿ ಮಾಡಿಕೊಳ್ಳಿ, ನಾನೇ ಹೋಗುತ್ತೇನೆ ಎಂದ ಅಪ್ಪನ ಮಗ ಎಂದು ಹೇಳಿಸಿಕೊಳ್ಳಲು ಆ ಮನೆಯಲ್ಲಿ ಅವನಿಗೇ ಹೆಚ್ಚು ಹಕ್ಕು. 1392ರಲ್ಲಿ ತಕಾವುಜಿಯ ಮೊಮ್ಮಗ ಯೊಶಿಮಿತ್ಸು ಎರಡು ಆಸ್ಥಾನಗಳನ್ನು ಒಂದು ಮಾಡಿದ. ಸಿಂಹಾಸನ ಸರದಿಯಂತೆ ಎರಡೂ ವಂಶಕ್ಕೆ ಎಂಬ ಷರತ್ತಿನ ಮೇಲೆ ದಕ್ಷಿಣದವರು ರಾಜಚಿಹ್ನೆಗಳನ್ನು ಒಪ್ಪಿಸಿದರು. ಅವರ ಸರದಿ ಬರಲೇ ಇಲ್ಲ.